349 ನಂಬರಿನ ಮುಚ್ಚಳ: ಫಿಲಿಪೀನ್ಸ್‌ನಲ್ಲಿ ಪೆಪ್ಸಿ ಬಹುಮಾನದ ಸ್ಕೀಮ್ ಹಾಳಾಗಿದ್ದು ಹೇಗೆ

ಮೇ 25, 1992, ಸೋಮವಾರ ರಾತ್ರಿ. ಫಿಲಿಪೀನ್ಸ್‌ನಲ್ಲಿ ಜನ ಟಿವಿ ಮುಂದೆ ಕೂತಿದ್ದಾರೆ, ಕೈಯಲ್ಲಿ ಪೆಪ್ಸಿ ಬಾಟಲಿ ಮುಚ್ಚಳಗಳು, ಕೆಲವರ ಹತ್ರ ಒಂದೆರಡು, ಕೆಲವರ ಹತ್ರ ಡಬ್ಬಿ ತುಂಬ. ಮಾರನೇ ದಿನದ ಗೆಲ್ಲೋ ನಂಬರ್ ಅಂತ ಟಿವಿಯಲ್ಲಿ ಬಂದಿದ್ದು 349. ಜನ ತಮ್ಮ ಮುಚ್ಚಳ ತಿರುಗಿಸಿ ನೋಡಿದ್ರೆ ಅಲ್ಲಿ 349 ಇದೆ, ಎಷ್ಟೋ ಮುಚ್ಚಳಗಳಲ್ಲಿ ಅದರ ಜೊತೆಗೇ 10 ಲಕ್ಷ ಪೆಸೊ ಅಂತಾನೂ ಪ್ರಿಂಟ್ ಆಗಿದೆ. ಆಗಿನ ಲೆಕ್ಕದಲ್ಲಿ ಅದು ಸುಮಾರು 40 ಸಾವಿರ ಡಾಲರ್, ಅಲ್ಲಿನ ಸರಾಸರಿ ತಿಂಗಳ ಸಂಬಳದ 611 ಪಟ್ಟು, ಅಂದ್ರೆ ಒಬ್ಬ ಮನುಷ್ಯ ಐವತ್ತು ವರ್ಷ ದುಡಿದು ಒಂದು ಪೈಸೆ ಖರ್ಚು ಮಾಡದೆ ಇಟ್ರೆ ಆಗೋ ದುಡ್ಡು. ಕಂಪನಿ ಅಂದ್ಕೊಂಡಿದ್ದು ಇಂಥ ಮುಚ್ಚಳ ಇಡೀ ದೇಶದಲ್ಲಿ ಎರಡೇ ಎರಡು ಇದಾವೆ ಅಂತ. ನಿಜವಾಗ್ಲೂ 349 ಅಂತ ಪ್ರಿಂಟ್ ಆಗಿ ಊರೂರಿಗೆ ಹೋಗಿದ್ದ ಮುಚ್ಚಳಗಳು ಸುಮಾರು 8 ಲಕ್ಷ.

ನಾನು ಹನ್ನೆರಡು ವರ್ಷ ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆ ಡಿಸ್ಟ್ರಿಬ್ಯೂಟರ್ ಹತ್ರ ಸೇಲ್ಸ್ ಲೈನಲ್ಲಿ ಇದ್ದವನು, ಸ್ಕ್ರ್ಯಾಚ್ ಕಾರ್ಡು, ಲಕ್ಕಿ ಡ್ರಾ, ರ್‍ಯಾಪರ್ ಸ್ಕೀಮು ಎಲ್ಲ ಕೈಯಾರೆ ಅಂಗಡಿಗಳಿಗೆ ಹಂಚಿದೀನಿ. ಈ ಲೈನಿಗೆ ಹೊಸದಾಗಿ ಬರೋ ಹುಡುಗ್ರು "ಅಣ್ಣಾ, ಬಹುಮಾನದ ಸ್ಕೀಮ್ ಅಂದ್ರೆ ಎಲ್ಲಾ ಒಂದೇ ಅಲ್ವಾ, ಕೊಟ್ರೆ ಆಯ್ತು" ಅಂತಾರೆ. ಒಂದೇ ಅಲ್ಲ. ಯಾವ ತರದ ಸ್ಕೀಮ್ ಅನ್ನೋದ್ರ ಮೇಲೆ ಯಾವ ತರದ ಅಪಾಯ ಬರುತ್ತೆ ಅನ್ನೋದು ನಿಂತಿದೆ, ಅದನ್ನ ತಿಳ್ಕೊಳ್ಳೋಕೆ ಈ 349ರ ಪ್ರಕರಣಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ, ಅದಕ್ಕೆ ಪೂರ್ತಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಸ್ಕೀಮುಗಳ ಜಾತಿ

ನಮ್ಮ ಮಾರ್ಕೆಟಲ್ಲಿ ಕಾಣೋ ಬಹುಮಾನಗಳನ್ನ ನಾನು ಒಂದೇ ಪ್ರಶ್ನೆ ಇಟ್ಕೊಂಡು ಬೇರೆ ಬೇರೆ ಮಾಡ್ತೀನಿ: ಗೆದ್ದೆ ಅಂತ ಗಿರಾಕಿಗೆ ಯಾವಾಗ, ಯಾರಿಂದ ಗೊತ್ತಾಗುತ್ತೆ?

ಲಕ್ಕಿ ಡ್ರಾದಲ್ಲಿ ಕೂಪನ್ ಬರೆದು ಡಬ್ಬಕ್ಕೆ ಹಾಕ್ತೀವಿ, ಕೊನೆಗೆ ಒಂದಿನ ಚೀಟಿ ಎತ್ತುತ್ತಾರೆ, ಅಲ್ಲಿ ಎಷ್ಟು ಚೀಟಿ ಎತ್ತುತ್ತಾರೋ ಅಷ್ಟೇ ಜನ ಗೆಲ್ಲೋದು, ಒಂದು ಕೋಟಿ ಕೂಪನ್ ಬಂದ್ರೂ ಬೈಕ್ ಒಂದೇ ಹೋಗೋದು. ದೀಪಾವಳಿ ಟೈಮಲ್ಲಿ ಬಟ್ಟೆ ಅಂಗಡಿ, ಚಿನ್ನದ ಅಂಗಡಿಯವ್ರು ಮಾಡೋದು ಇದು. ಕಂಪನಿಗೆ ಇದು ಬಹಳ ಸೇಫು. ಆಮೇಲೆ ಇನ್‌ಸ್ಟಂಟ್ ವಿನ್, ಗೀರಿದ ತಕ್ಷಣ ಅಥವಾ ಮುಚ್ಚಳ ತೆಗೆದ ತಕ್ಷಣ "ನೀವು ಗೆದ್ದಿದ್ದೀರಿ" ಅಂತಾನೋ "ಮತ್ತೆ ಪ್ರಯತ್ನಿಸಿ" ಅಂತಾನೋ ಅಲ್ಲೇ ಬರೆದಿರುತ್ತೆ, ಅಲ್ಲಿಗೆ ಮುಗೀತು, ಕಾಯೋದಿಲ್ಲ. ಇಲ್ಲಿ ಅಪಾಯ ಪೂರ್ತಿ ಪ್ರಿಂಟಿಂಗ್ ಪ್ರೆಸ್ಸಲ್ಲಿ, ಗೆಲ್ಲೋ ಚೀಟಿ 10 ಹಾಕೋ ಕಡೆ 1,000 ಪ್ರಿಂಟ್ ಆದ್ರೆ ಕಥೆ ಕೈ ಮೀರುತ್ತೆ.

ಮೂರನೇದು ಕೂಡಿಸಿ ಗೆಲ್ಲೋದು. 1999ರಲ್ಲಿ ಬ್ರಿಟಾನಿಯಾದವ್ರು ಖಾವೋ ವರ್ಲ್ಡ್ ಕಪ್ ಜಾವೋ ಅಂತ ಮಾಡಿದ್ರು ನೆನಪಿರಬೇಕು, ಬಿಸ್ಕೆಟ್ ರ್‍ಯಾಪರ್ ಮೇಲೆ ರನ್ ಇರ್ತಿತ್ತು, ರನ್ ಕೂಡಿಸಿ ಕೊಟ್ರೆ ಇಂಗ್ಲೆಂಡ್ ವರ್ಲ್ಡ್ ಕಪ್‌ಗೆ ಹೋಗೋ ಚಾನ್ಸ್, ನಮ್ಮ ಬೀದಿ ಹುಡುಗ್ರು ಬಸ್‌ಸ್ಟ್ಯಾಂಡ್ ಕಸದ ಬುಟ್ಟಿಯಿಂದ ರ್‍ಯಾಪರ್ ಹೆಕ್ಕಿದ್ದು ನಾನು ಕಣ್ಣಾರೆ ನೋಡಿದೀನಿ. ನಾಲ್ಕನೇದು ಬುದ್ಧಿ ಖರ್ಚು ಮಾಡೋ ಸ್ಪರ್ಧೆ, "ನಾನು ಈ ಸೋಪನ್ನು ಇಷ್ಟಪಡುತ್ತೇನೆ, ಏಕೆಂದರೆ" ಅಂತ ಹತ್ತು ಪದದಲ್ಲಿ ಘೋಷವಾಕ್ಯ ಬರೆದು ಕಳ್ಸೋದು, ಅಲ್ಲಿ ಅದೃಷ್ಟ ಅಲ್ಲ ತೀರ್ಪುಗಾರರು ಗೆಲ್ಸೋದು. ಇನ್ನು ಎರಡು ಪ್ಯಾಕೆಟ್ ತಗೊಂಡ್ರೆ ಒಂದು ಸ್ಪೂನ್ ಫ್ರೀ ಅನ್ನೋದು ಬಹುಮಾನವೇ ಅಲ್ಲ, ಅದು ಗಿಫ್ಟು, ತಗೊಂಡವರಿಗೆಲ್ಲ ಕೊಡ್ಲೇಬೇಕು.

ಇವೆಲ್ಲದರ ಮಧ್ಯದಲ್ಲಿ ಇನ್ನೊಂದು ಜಾತಿ ಇದೆ, ನೋಡೋಕೆ ಮುಚ್ಚಳದ ಇನ್‌ಸ್ಟಂಟ್ ವಿನ್ ತರ ಕಾಣುತ್ತೆ, ನಡೆಯೋದು ಲಾಟರಿ ತರ. ಮುಚ್ಚಳದಲ್ಲಿ ನಂಬರ್ ಮೊದ್ಲೇ ಪ್ರಿಂಟ್ ಆಗಿರುತ್ತೆ, ಆದ್ರೆ ಗೆದ್ದ ನಂಬರ್ ಯಾವ್ದು ಅಂತ ಆಮೇಲೆ ಹೇಳ್ತಾರೆ. ಪೆಪ್ಸಿಯವ್ರು ಫಿಲಿಪೀನ್ಸಲ್ಲಿ ಮಾಡಿದ್ದು ಇದನ್ನೇ, ಹೆಸರು ನಂಬರ್ ಫೀವರ್.

ಸ್ಕೀಮ್ ಹೇಗಿತ್ತು

ಫಿಲಿಪೀನ್ಸ್ ಮಾರ್ಕೆಟಲ್ಲಿ ಆಗ ಕೋಕಾ ಕೋಲಾ ಬಹಳ ಮುಂದಿತ್ತು, ಪೆಪ್ಸಿ ಪಾಲು ಶೇಕಡಾ 19.4 ಮಾತ್ರ. ಅಲ್ಲಿನ ಬಾಟ್ಲಿಂಗ್ ಕಂಪನಿ ಪೆಪ್ಸಿ ಕೋಲಾ ಪ್ರಾಡಕ್ಟ್ಸ್ ಫಿಲಿಪೀನ್ಸ್, ಅವ್ರು ಬೇರೆ ದೇಶಗಳಲ್ಲಿ ಇಂಥ ಸ್ಕೀಮ್ ನಡೆಸಿ ಅನುಭವ ಇದ್ದ ಡಿ.ಜಿ. ಕನ್ಸಲ್ಟೋರೆಸ್ ಅನ್ನೋ ಮೆಕ್ಸಿಕೋ ಸಂಸ್ಥೆಯನ್ನ ಕರೆಸಿ ಕೆಲಸ ಕೊಟ್ರು. ಪೆಪ್ಸಿ, ಸೆವೆನ್ ಅಪ್, ಮಿರಿಂಡಾ, ಮೌಂಟನ್ ಡ್ಯೂ ಬಾಟಲಿಗಳ ಮುಚ್ಚಳದ ಒಳಗಡೆ ಮೂರು ವಿಷಯ ಪ್ರಿಂಟ್ ಮಾಡಿದ್ರು. ಒಂದು, ಮೂರಂಕಿ ನಂಬರ್. ಎರಡು, ಬಹುಮಾನದ ಮೊತ್ತ, 1,000 ಪೆಸೊದಿಂದ ಹಿಡಿದು 10,000, 50,000, 1 ಲಕ್ಷ, 10 ಲಕ್ಷದವರೆಗೆ. ಮೂರು, ಅಕ್ಷರ ಅಂಕಿ ಸೇರಿದ ಏಳು ಗುರುತಿನ ಸೆಕ್ಯುರಿಟಿ ಕೋಡ್. ಯಾರಾದ್ರೂ ನಂಬರ್ ತಿದ್ದಿ ನಕಲಿ ಮುಚ್ಚಳ ತಂದ್ರೆ ಕಂಡುಹಿಡಿಯೋಕೆ ಆ ಕೋಡ್.

ಇಲ್ಲಿ ಸ್ವಲ್ಪ ನಿಂತು ನೋಡ್ಬೇಕು. ಬಹುಮಾನದ ಮೊತ್ತ ಗೆಲ್ಲೋ ಮುಚ್ಚಳದಲ್ಲಿ ಮಾತ್ರ ಅಲ್ಲ, ಸೋಲೋ ಮುಚ್ಚಳದಲ್ಲೂ ಇತ್ತು. ಅಂದ್ರೆ ಒಬ್ಬ ಮನುಷ್ಯ ಬಾಟಲಿ ಓಪನ್ ಮಾಡಿದ ಕೂಡ್ಲೇ ಅವನ ಕೈಗೆ "10 ಲಕ್ಷ" ಅಂತ ಬರೆದಿರೋ ವಸ್ತು ಬರುತ್ತೆ, ಇನ್ನು ಬಾಕಿ ಇರೋದು ಟಿವಿಯವರು ನಂಬರ್ ಹೇಳೋದಷ್ಟೇ. ಇನ್‌ಸ್ಟಂಟ್ ವಿನ್ನಲ್ಲಿ ಸೋತ ಮುಚ್ಚಳ ಆಗ್ಲೇ ಕಸ, ಬಿಸಾಕ್ತಾರೆ. ಇಲ್ಲಿ ಯಾವ ಮುಚ್ಚಳವೂ ಕಸ ಅಲ್ಲ, ಇವತ್ತು ಬರ್ಲಿಲ್ಲ ಅಂದ್ರೆ ನಾಳೆ ಬರಬಹುದು. ಹಂಗಾಗಿ ಜನ ಎಲ್ಲವನ್ನೂ ಎತ್ತಿಟ್ಟುಕೊಂಡ್ರು. ಅಲ್ಲಿನ ಭಾಷೆಯಲ್ಲಿ ಈ ಮುಚ್ಚಳಕ್ಕೆ ತಾನ್ಸಾನ್ ಅಂತಾರೆ, ನಮ್ಮ ಬೀಡಾ ಅಂಗಡಿ ತರ ಅಲ್ಲಿ ಮನೆ ಮುಂದೆನೇ ಇರೋ ಚಿಕ್ಕ ಚಿಕ್ಕ ಸಾರಿ-ಸಾರಿ ಅಂಗಡಿಗಳು, ಅಲ್ಲೇ ಬಾಟಲಿ ಕುಡಿದು ಅಲ್ಲೇ ಖಾಲಿ ಬಾಟಲಿ ವಾಪಸ್ ಕೊಡೋ ಪದ್ಧತಿ, ಆದ್ರೆ ಮುಚ್ಚಳ ಮಾತ್ರ ಜೇಬಿಗೆ.

ಫೆಬ್ರವರಿ 17, 1992ಕ್ಕೆ ಶುರು ಆಯ್ತು, ಮೇ 8ಕ್ಕೆ ಮುಗೀಬೇಕಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ನಂಬರ್. 60 ಗೆಲ್ಲೋ ನಂಬರ್ ಮತ್ತು ಅವುಗಳ ಕೋಡ್ ಮೊದ್ಲೇ ಆರಿಸಿಟ್ಟಿದ್ರು, ಆ ಪಟ್ಟಿ ಸರ್ಕಾರದ ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆ ಸುಪರ್ದಿಯಲ್ಲಿ ಬ್ಯಾಂಕ್ ಲಾಕರಲ್ಲಿ ಇತ್ತು. ಸ್ಕೀಮಿಗೆ ಇಲಾಖೆ ಅನುಮತಿ ಇತ್ತು, ಉಸ್ತುವಾರಿಯೂ ಇತ್ತು. ಅಂದ್ರೆ ಇದು ಕದ್ದು ಮುಚ್ಚಿ ಮಾಡಿದ ಮೋಸದ ಸ್ಕೀಮ್ ಅಲ್ಲ. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ಕಾಗದದ ಮೇಲೆ ಎಲ್ಲಾ ಸರಿ ಇದ್ದ ಸ್ಕೀಮೇ ಹಿಂಗೆ ಹಾಳಾಗಿದ್ದು.

ಅಲ್ಲಿನ ಜನರ ಸ್ಥಿತಿ ಆಗ ಹೇಗಿತ್ತು ಅಂತಾನೂ ಗೊತ್ತಿರ್ಬೇಕು. 1991ರ ಜೂನಲ್ಲಿ ಪಿನಾಟುಬೊ ಜ್ವಾಲಾಮುಖಿ ಸಿಡಿದು ಲಕ್ಷಾಂತರ ಜನ ಮನೆ ಹೊಲ ಬಿಟ್ಟಿದ್ರು, ಊರಲ್ಲಿ ದಿನಾ ಗಂಟೆಗಟ್ಟಲೆ ಕರೆಂಟ್ ಹೋಗ್ತಿತ್ತು, ಮೇ 11ಕ್ಕೆ ಅಧ್ಯಕ್ಷ ಚುನಾವಣೆ, ಸಂಬಳ ಕಡಿಮೆ, ಕೆಲಸ ಹುಡ್ಕೊಂಡು ಬೇರೆ ದೇಶಕ್ಕೆ ಹೋಗೋರೇ ಜಾಸ್ತಿ. ಅಂಥಾ ಟೈಮಲ್ಲಿ ಕೆಲವೇ ಪೆಸೊ ಕೊಟ್ಟು ತಗೊಂಡ ಬಾಟಲಿಯಿಂದ ಮಿಲಿಯನೇರ್ ಆಗಬಹುದು ಅಂತ ರೇಡಿಯೋ, ಟಿವಿ, ಪೇಪರ್ ಎಲ್ಲದರಲ್ಲೂ ದಿನಾ ಬರ್ತಿದ್ರೆ ಜನ ಹೆಂಗೆ ಸುಮ್ನಿರ್ತಾರೆ. ಸುಮಾರು 3.1 ಕೋಟಿ ಜನ ಆಡಿದ್ರು ಅಂತ ಅಂದಾಜು, ಅಂದ್ರೆ ದೇಶದ ಅರ್ಧ ಜನ ಹತ್ರ ಹತ್ರ. ಪೆಪ್ಸಿ ಪಾಲು ಶೇಕಡಾ 24.9ಕ್ಕೆ ಏರಿತು, ತಿಂಗಳ ಸೇಲ್ಸ್ 1 ಕೋಟಿ ಡಾಲರ್ ಇದ್ದದ್ದು 1.4 ಕೋಟಿ ಆಯ್ತು. ಮೇ ಹೊತ್ತಿಗೆ 51 ಸಾವಿರ ಬಹುಮಾನ ಕೊಟ್ಟಿದ್ರು, ಅದ್ರಲ್ಲಿ 17 ಜನಕ್ಕೆ 10 ಲಕ್ಷ ಪೆಸೊದ ದೊಡ್ಡ ಬಹುಮಾನ. ಗೆದ್ದವರನ್ನ ಜಾಹೀರಾತಲ್ಲಿ ತೋರಿಸ್ತಿದ್ರು, ಅವ್ರೂ ನಮ್ಮ ನಿಮ್ಮಂಥ ಸಾಮಾನ್ಯ ಜನ, ನಿಜವಾಗ್ಲೂ ದುಡ್ಡು ಬಂದಿತ್ತು. ನಂಬಿಕೆ ಕುದುರಿದ್ದು ಅಲ್ಲೇ.

ಇಷ್ಟು ಚೆನ್ನಾಗಿ ನಡೀತಿರೋದನ್ನ ಯಾರು ನಿಲ್ಲಿಸ್ತಾರೆ, ಇನ್ನೂ ಐದು ವಾರ, ಜೂನ್ 12ರವರೆಗೆ ಮುಂದುವರ್ಸಿದ್ರು. ಹೊಸದಾಗಿ 25 ಗೆಲ್ಲೋ ನಂಬರ್ ಆರಿಸೋಕೆ ಅದೇ ಮೆಕ್ಸಿಕೋ ಸಂಸ್ಥೆಗೆ ಹೇಳಿದ್ರು.

ತಪ್ಪಿದ್ದು ಎಲ್ಲಿ

ಈ ಎಕ್ಸ್‌ಟೆನ್ಷನ್ನೇ ಮುಳುವಾಯ್ತು ಅಂತ ನನ್ನ ಅನಿಸಿಕೆ. ಮೊದಲ ರೌಂಡಲ್ಲಿ 60 ನಂಬರ್ ಗೆಲ್ಲೋವು, ಮಿಕ್ಕಿದ್ದೆಲ್ಲ ಸೋಲೋವು, ಸೋಲೋ ನಂಬರನ್ನ ಎಷ್ಟು ಲಕ್ಷ ಬೇಕಾದ್ರೂ ಪ್ರಿಂಟ್ ಮಾಡಬಹುದು, ಯಾಕಂದ್ರೆ ಅದು ಯಾವತ್ತೂ ಟಿವಿಯಲ್ಲಿ ಬರಲ್ಲ. 349 ಅಂಥ ಒಂದು ಸೋಲೋ ನಂಬರ್, ಆ ಧೈರ್ಯದ ಮೇಲೆ ಲಕ್ಷಗಟ್ಟಲೆ ಪ್ರಿಂಟ್ ಆಗಿ ಮಾರ್ಕೆಟಿಗೆ ಹೋಗಿತ್ತು. ಎಕ್ಸ್‌ಟೆನ್ಷನ್‌ಗೆ ಹೊಸ 25 ನಂಬರ್ ತೆಗೆಯೋವಾಗ ಹಳೇ ಸೋಲೋ ನಂಬರುಗಳನ್ನ ಪೂರ್ತಿ ಪಕ್ಕಕ್ಕಿಡ್ಬೇಕಿತ್ತು, ಇಟ್ಟಿರ್ಲಿಲ್ಲ. ಕಂಪ್ಯೂಟರ್ ತಪ್ಪು ಅಂತ ಆಗ ಹೇಳಿದ್ರು. ಕಂಪ್ಯೂಟರಿಗೆ ಯಾವ ಪಟ್ಟಿ ಕೊಡ್ತೀವೋ ಅದರಿಂದಲೇ ಅದು ಆರಿಸೋದು, ಗೆಲ್ಲೋ ಪಟ್ಟಿಯನ್ನ ಪ್ರಿಂಟ್ ಆಗಿ ಹೋಗಿರೋ ಪಟ್ಟಿ ಜೊತೆ ಒಬ್ಬ ಗುಮಾಸ್ತ ಕೂತು ಒಂದು ಸಂಜೆ ತಾಳೆ ನೋಡಿದ್ರೆ ಸಿಗ್ತಿತ್ತು.

ಹೀಗಾಗಿ ಮಾರ್ಕೆಟಲ್ಲಿ ಎರಡು ತರದ 349 ಇದ್ವು. ಸರಿಯಾದ ಕೋಡ್ ಇದ್ದ ಕೆಲವೇ ಕೆಲವು, ಮತ್ತೆ ಎಲ್-2560-ಎಫ್‌ಕ್ಯೂ, ಎಲ್-3560-ಎಫ್‌ಕ್ಯೂ ಅನ್ನೋ ಕೋಡ್ ಇದ್ದ ಲಕ್ಷಾಂತರ. ನೋಡೋಕೆ ಎರಡೂ ಒಂದೇ. ಟಿವಿಯಲ್ಲಿ ಹೇಳಿದ್ದು ನಂಬರ್, ಜನ ನೋಡಿದ್ದು ನಂಬರ್. ಯಾವ ಕೋಡ್ ಗೆಲ್ಲುತ್ತೆ ಅನ್ನೋ ಪಟ್ಟಿ ಇದ್ದಿದ್ದು ಲಾಕರಲ್ಲಿ.

ಅದೇ ರಾತ್ರಿ ಫ್ಯಾಕ್ಟರಿ ಗೇಟುಗಳ ಹತ್ರ ಜನ ಸೇರೋಕೆ ಶುರು ಆಯ್ತು. ಸೆಕ್ಯುರಿಟಿಯವನಿಗೆ ಮೊದಲನೇ ಹತ್ತು ಜನ ಬಂದಾಗ ಆಶ್ಚರ್ಯ ಆಗಿರುತ್ತೆ, ನೂರು ಜನ ಬಂದಾಗ ಭಯ ಆಗಿರುತ್ತೆ. ಮಾರನೇ ದಿನದ ಪೇಪರಲ್ಲಿ ಗೆದ್ದ ನಂಬರ್ 134 ಅಂತ ಬಂತು, ಅದ್ರಿಂದ ಇನ್ನೂ ಗೊಂದಲ, ನಿನ್ನೆ 349 ಅಂದ್ರಿ ಇವತ್ತು 134 ಅಂತೀರಿ, ಇದ್ರಲ್ಲಿ ಏನೋ ಇದೆ ಅಂತ ಜನಕ್ಕೆ ಗಟ್ಟಿ ಅನುಮಾನ ಬಂದು ಬಿಡ್ತು. ನನ್ನ ಪ್ರಕಾರ ಮೊದಲ ತಪ್ಪಿಗಿಂತ ಇದು ದೊಡ್ಡ ತಪ್ಪು. ಮೊದಲನೇದು ಕೈ ತಪ್ಪಿ ಆಗಿದ್ದು, ಇದು ಗಾಬರಿಯಲ್ಲಿ ಮಾಡಿದ್ದು.

ಎಲ್ಲರಿಗೂ 10 ಲಕ್ಷದಂತೆ ಕೊಟ್ರೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿದವ್ರು 3,200 ಕೋಟಿ ಡಾಲರ್ ಅಂತ ಹೇಳಿದ್ರು. ಇಡೀ ಸ್ಕೀಮಿಗೆ ಇಟ್ಟಿದ್ದ ಬಹುಮಾನದ ಬಜೆಟ್ 20 ಲಕ್ಷ ಡಾಲರ್. ಮೇ 27ರ ಬೆಳಗಿನ ಜಾವ ಕಂಪನಿಯ ದೊಡ್ಡವ್ರು ಕೂತು ಒಂದು ನಿರ್ಧಾರ ಮಾಡಿದ್ರು: ತಪ್ಪು ಕೋಡಿನ ಮುಚ್ಚಳ ಗೆದ್ದ ಮುಚ್ಚಳ ಅಲ್ಲ, ಆದ್ರೂ ಸೌಹಾರ್ದಕ್ಕೆ ಅಂತ ಒಂದೊಂದು ಮುಚ್ಚಳಕ್ಕೆ 500 ಪೆಸೊ ಕೊಡ್ತೀವಿ, ಜೂನ್ 12ರ ಒಳಗೆ ತಂದು ಕೊಡಿ. 500 ಪೆಸೊ ಅಂದ್ರೆ ಆಗ ಸುಮಾರು 18 ಡಾಲರ್.

ಇಷ್ಟು ಕೊಟ್ಟಿದ್ದಕ್ಕೇ 4,86,170 ಜನ ತಗೊಂಡ್ರು, ಕಂಪನಿಗೆ ಆದ ಖರ್ಚು ಸುಮಾರು 24 ಕೋಟಿ ಪೆಸೊ, 89 ಲಕ್ಷ ಡಾಲರ್ ಹತ್ರ ಹತ್ರ, ಬಜೆಟ್‌ನ ನಾಲ್ಕು ಪಟ್ಟಿಗಿಂತ ಜಾಸ್ತಿ. ಇನ್ನೊಂದು ಕಡೆಯಿಂದ ಯೋಚನೆ ಮಾಡಿ, 10 ಲಕ್ಷ ಬಂತು ಅಂತ ರಾತ್ರಿಯೆಲ್ಲ ನಿದ್ದೆ ಬರದೆ ಮಗಳ ಮದುವೆ, ಮನೆ ಸಾಲ, ಹೊಲ ಅಂತ ಲೆಕ್ಕ ಹಾಕಿದವನಿಗೆ ಬೆಳಿಗ್ಗೆ 500 ತಗೋ ಅಂದ್ರೆ ಅವನು ಅದನ್ನ ಸೌಹಾರ್ದ ಅಂತ ತಗೊಳ್ತಾನಾ? ಬಹಳ ಜನ ತಗೊಂಡಿಲ್ಲ.

ಆಮೇಲೆ ಆಗಿದ್ದು

ತಗೊಳ್ಳದೆ ಇದ್ದವರು ಸಂಘ ಕಟ್ಟಿದ್ರು, ಮೆರವಣಿಗೆ, ಬಹಿಷ್ಕಾರ, ಕಂಪನಿ ಆಫೀಸ್ ಮುಂದೆ ಧರಣಿ. ಪೆಪ್ಸಿ ಲಾರಿಗಳಿಗೆ ಕಲ್ಲು ಬಿತ್ತು, ಮಗುಚಿದ್ರು, ಬೆಂಕಿ ಹಚ್ಚಿದ್ರು, 37 ಗಾಡಿ ಹಾಳಾದ ಲೆಕ್ಕ ಇದೆ. ಕಂಪನಿ ಅಧಿಕಾರಿಗಳಿಗೆ ಜೀವ ಬೆದರಿಕೆ ಬಂತು. ಫೆಬ್ರವರಿ 13, 1993ರಂದು ಮನಿಲಾದಲ್ಲಿ ಪೆಪ್ಸಿ ಲಾರಿಗೆ ಅಂತ ಎಸೆದ ನಾಡ ಬಾಂಬ್ ಸಿಡಿದು ಒಬ್ಬ ಶಾಲಾ ಶಿಕ್ಷಕಿ, ಐದು ವರ್ಷದ ಒಂದು ಮಗು ಸತ್ತು ಹೋದ್ರು. ಅವರಿಗೂ ಮುಚ್ಚಳಕ್ಕೂ ಸಂಬಂಧವೇ ಇರ್ಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ದಾವಾವೊ ಊರಲ್ಲಿ ಕಂಪನಿ ಗೋಡೌನಿಗೆ ಗ್ರೆನೇಡ್ ಎಸೆದಾಗ ಮೂರು ಜನ ನೌಕರರು ಸತ್ರು. ಲಾರಿ ಲೋಡು ಇಳಿಸೋ, ಗೋಡೌನಲ್ಲಿ ದುಡಿಯೋ ಜನದ ಜೊತೆ ಹನ್ನೆರಡು ವರ್ಷ ಟೀ ಕುಡಿದವನು ನಾನು, ಈ ಸಾಲು ಬರೆಯೋವಾಗ ಅವರ ಮುಖವೇ ಕಣ್ಮುಂದೆ ಬರುತ್ತೆ, ನಂಬರ್ ಆರಿಸಿದವರು ಅವರಲ್ಲ, ಎಕ್ಸ್‌ಟೆಂಡ್ ಮಾಡಿ ಅಂದವರೂ ಅವರಲ್ಲ.

1993ರಲ್ಲಿ ಅಮೆರಿಕದಲ್ಲಿ ತಮಾಷೆಗೆ ಕೊಡೋ ಇಗ್ ನೊಬೆಲ್ ಶಾಂತಿ ಬಹುಮಾನವನ್ನ ಇದಕ್ಕೆ ಕೊಟ್ರು. ಇಂಟರ್‌ನೆಟ್ಟಲ್ಲಿ ಈ ಕಥೆಯನ್ನ ನಗು ಬರೋ ಹಾಗೆ ಹೇಳೋ ವಿಡಿಯೋಗಳೂ ಸುಮಾರಿದಾವೆ, ಸತ್ತವರ ವಿಷಯ ಕೊನೆಗೆ ಒಂದು ಸಾಲಲ್ಲಿ ಬರುತ್ತೆ. ನನಗೆ ಅದು ಸರಿ ಅನ್ಸಲ್ಲ.

ಕೋರ್ಟ್ ಕಡೆಗೆ ಬರೋಣ. ಸುಮಾರು 689 ಸಿವಿಲ್ ಕೇಸು, 5,200 ಕ್ರಿಮಿನಲ್ ದೂರು. ಸೆನೆಟ್ ಸಮಿತಿ ಕಂಪನಿ ಬಹಳ ಬೇಜವಾಬ್ದಾರಿ ಮಾಡಿದೆ ಅಂತ ಹೇಳ್ತು, 1993ರ ಜನವರಿಯಲ್ಲಿ ವಾಣಿಜ್ಯ ಇಲಾಖೆಗೆ ಕಂಪನಿ 1.5 ಲಕ್ಷ ಪೆಸೊ ದಂಡ ಕಟ್ಟಿತು. ಕೆಳಗಿನ ಕೋರ್ಟುಗಳು ಒಂದೊಂದು ಒಂದೊಂದು ತರ ಹೇಳಿದ್ವು, 1996ರಲ್ಲಿ ಒಂದು ಕೇಸಲ್ಲಿ ಮಾನಸಿಕ ನೋವಿಗೆ ಅಂತ ತಲಾ 10,000 ಪೆಸೊ ಕೊಡಿ ಅಂದ್ರು, 2001ರಲ್ಲಿ ಮೇಲ್ಮನವಿಯಲ್ಲಿ ಅದು 30,000 ಆಯ್ತು. ಕೊನೆಗೆ 2006ರಲ್ಲಿ ಫಿಲಿಪೀನ್ಸ್ ಸುಪ್ರೀಂ ಕೋರ್ಟ್ ಮುಗಿಸ್ತು: ಮುಚ್ಚಳದ ಮೇಲೆ ಬರೆದಿರೋ ಮೊತ್ತ ಕೊಡೋ ಹೊಣೆ ಕಂಪನಿಗಿಲ್ಲ, ಪರಿಹಾರ ಕೊಡೋ ಹೊಣೆಯೂ ಇಲ್ಲ. ಕಾರಣ ಏನಂದ್ರೆ ನಂಬರ್ ಜೊತೆ ಸರಿಯಾದ ಸೆಕ್ಯುರಿಟಿ ಕೋಡ್ ಕೂಡ ಇರ್ಬೇಕು ಅನ್ನೋದು ಸ್ಕೀಮಿನ ನಿಯಮದಲ್ಲೇ ಇತ್ತು, ಹಿಂದಿನ ಇಂಥದೇ ಕೇಸುಗಳಲ್ಲೂ ಕೋರ್ಟ್ ಅದನ್ನೇ ಹೇಳಿತ್ತು.

ಕಾನೂನಿನ ಲೆಕ್ಕದಲ್ಲಿ ತೀರ್ಪು ಸರಿ ಅಂತಾನೇ ನನಗೂ ಅನ್ಸುತ್ತೆ, ಬೇರೆ ಏನೂ ಹೇಳೋಕೆ ಆಗ್ತಿರ್ಲಿಲ್ಲ. ಆದ್ರೆ ನಿಯಮ ಇರೋದು ಬೇರೆ, ನಿಯಮ ಜನರ ಕಿವಿಗೆ ಬೀಳೋದು ಬೇರೆ. ಮೂರು ತಿಂಗಳು ಪ್ರತಿ ರಾತ್ರಿ ನಂಬರ್ ನಂಬರ್ ಅಂತ ಹೇಳಿ, ಸ್ಕೀಮಿನ ಹೆಸರನ್ನೇ ನಂಬರ್ ಫೀವರ್ ಅಂತ ಇಟ್ಟು, ಕೊನೆಗೆ ಒಂದಿನ ನಂಬರ್ ಅಲ್ಲ ಕೋಡ್ ಮುಖ್ಯ ಅಂದ್ರೆ ಅದನ್ನ ಯಾರು ಒಪ್ತಾರೆ?

ಬೇರೆ ತರ ಮಾಡಿದ್ರೆ

ಇದೇ ದುಡ್ಡಲ್ಲಿ, ಇದೇ ಬಾಟಲಿಯಲ್ಲಿ ಇನ್ನೊಂದು ಜಾತಿಯ ಸ್ಕೀಮ್ ಮಾಡಿದ್ರೆ ಏನಾಗ್ತಿತ್ತು ಅಂತ ಹುಡುಗ್ರಿಗೆ ನಾನು ಯಾವಾಗ್ಲೂ ಕೇಳ್ತೀನಿ. ಮುಚ್ಚಳಗಳನ್ನ ಕವರಲ್ಲಿ ಹಾಕಿ ಕಳಿಸಿ, ವಾರಕ್ಕೊಮ್ಮೆ ಡ್ರಾ ಅಂದಿದ್ರೆ ಪ್ರಿಂಟಿಂಗ್ ತಪ್ಪಿಂದ ಒಬ್ಬನೂ ಜಾಸ್ತಿ ಗೆಲ್ಲೋಕೆ ಸಾಧ್ಯ ಇರ್ಲಿಲ್ಲ, ಆದ್ರೆ ಅಷ್ಟು ಜೋರು ಕೂಡ ಇರ್ತಿರ್ಲಿಲ್ಲ, ಕವರ್ ಸ್ಟಾಂಪ್ ಅಂದ್ರೆ ಅರ್ಧ ಜನ ಸುಮ್ನಾಗ್ತಾರೆ. ನೇರ ಇನ್‌ಸ್ಟಂಟ್ ವಿನ್ ಮಾಡಿದ್ರೆ ಪ್ರೆಸ್ಸಲ್ಲಿ ತಪ್ಪಾಗೋ ಅಪಾಯ ಇತ್ತು, ಆದ್ರೆ ಗೆದ್ದ ಮುಚ್ಚಳ ಒಂದೊಂದಾಗಿ ವಾಪಸ್ ಬರ್ತವೆ, ಮೂರನೇ ದಿನಕ್ಕೆ ಲೆಕ್ಕ ಜಾಸ್ತಿ ಬರ್ತಿದೆ ಅಂತ ಗೊತ್ತಾಗಿ ಸ್ಟಾಕ್ ತಡೀಬಹುದು. ಹಳೇ ಮುಚ್ಚಳ ಎಲ್ಲರ ಮನೆಯಲ್ಲಿ ಜಮಾ ಆಗಿ ಕೂತಿರಲ್ಲ. ನಂಬರ್ ಫೀವರಲ್ಲಿ 8 ಲಕ್ಷ ಮುಚ್ಚಳ ತಿಂಗಳುಗಟ್ಟಲೆ ಮನೆಗಳಲ್ಲಿ ಸುಮ್ಮನೆ ಕೂತಿತ್ತು, ಒಂದೇ ನಿಮಿಷದಲ್ಲಿ ಅಷ್ಟಕ್ಕೂ ಒಟ್ಟಿಗೆ ಬೆಲೆ ಬಂತು. ಜನರನ್ನ ದಿನಾ ಟಿವಿ ಮುಂದೆ ಕೂರಿಸಿ ಸೇಲ್ಸ್ ಏರಿಸಿದ ಗುಣ ಯಾವುದೋ, ತಪ್ಪನ್ನ ಒಂದೇ ರಾತ್ರಿಯಲ್ಲಿ ಇಡೀ ದೇಶಕ್ಕೆ ಹರಡಿದ ಗುಣವೂ ಅದೇ.

ಇದೇ ಜಾತಿಯ ಸ್ಕೀಮನ್ನೇ ಮಾಡೋದಾದ್ರೂ ಟಿವಿಯಲ್ಲಿ ನಂಬರ್ ಜೊತೆ ಕೋಡನ್ನೂ ಓದಿದ್ರೆ ಆ ರಾತ್ರಿ ಗೇಟಿನ ಹತ್ರ ಯಾರೂ ಬರ್ತಿರ್ಲಿಲ್ಲ. ನಕಲಿ ಮಾಡ್ತಾರೆ ಅನ್ನೋ ಭಯಕ್ಕೆ ಕೋಡ್ ಬಚ್ಚಿಟ್ರು ಅನ್ಸುತ್ತೆ, ಆ ಭಯ ಸುಳ್ಳಲ್ಲ, ಆದ್ರೆ ಕೋಡಿನ ಕೊನೇ ಎರಡು ಅಕ್ಷರನಾದ್ರೂ ಹೇಳಬಹುದಿತ್ತು. ಮುಚ್ಚಳದ ಮೇಲೇ "ಕೋಡ್ ತಾಳೆ ಆದ ಮೇಲೆ ಮಾತ್ರ" ಅಂತ ಮೊತ್ತದ ಪಕ್ಕದಲ್ಲಿ ಹಾಕಬಹುದಿತ್ತು, ಒಟ್ಟು ಎಷ್ಟು ದೊಡ್ಡ ಬಹುಮಾನ ಇದಾವೆ ಅಂತ ಪ್ರತಿ ಜಾಹೀರಾತಲ್ಲಿ ಹೇಳಬಹುದಿತ್ತು. ಅಂದಾಜಿಗಿಂತ ಜಾಸ್ತಿ ಬಹುಮಾನ ಕೊಡ್ಬೇಕಾಗಿ ಬಂದ್ರೆ ಅಂತ ಇನ್ಶೂರೆನ್ಸ್ ಕೂಡ ಸಿಗುತ್ತೆ, ದೊಡ್ಡ ಸ್ಕೀಮ್ ಮಾಡೋವಾಗ ಅದನ್ನ ತಗೋಬೇಕು.

ನಮ್ಮ ಕಡೆ ಕಾನೂನು

ಇಲ್ಲಿ ಉದ್ದ ಎಳೆಯಲ್ಲ. ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಹಳೇ 1986ರದ್ದರಲ್ಲೂ ಈಗಿನ 2019ರದ್ದರಲ್ಲೂ, ಬಹುಮಾನ ಕೊಡ್ತೀವಿ ಅಂತ ಹೇಳಿ ಕೊಡೋ ಉದ್ದೇಶವೇ ಇಲ್ಲದಿರೋದು, ಫ್ರೀ ಅಂತ ಹೇಳಿ ಅದರ ಖರ್ಚನ್ನ ಮಾಲಿನ ಬೆಲೆಯಲ್ಲೇ ಸೇರಿಸೋದು ಅನುಚಿತ ವ್ಯಾಪಾರ ಪದ್ಧತಿ. ಇದರ ಮೇಲೆ ದೊಡ್ಡ ಕೇಸು ಅಂದ್ರೆ 2007ರ ಕೌನ್ ಬನೇಗಾ ಕರೋಡ್‌ಪತಿಯ ಹರ್ ಸೀಟ್ ಹಾಟ್ ಸೀಟ್, ಮನೆಯಲ್ಲಿ ಕೂತವ್ರು ಒಂದು ಎಸ್ಸೆಮ್ಮೆಸ್ಸಿಗೆ 2.40 ರೂಪಾಯಿ ಕೊಟ್ಟು ಉತ್ತರ ಕಳ್ಸೋದು, ದಿನಕ್ಕೆ ಒಬ್ಬರಿಗೆ 2 ಲಕ್ಷ. ಬಹುಮಾನದ ದುಡ್ಡು ಎಸ್ಸೆಮ್ಮೆಸ್ ದುಡ್ಡಿಂದಲೇ ಬಂದಿದೆ ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಚಾನೆಲ್ ಮತ್ತು ಟೆಲಿಕಾಂ ಕಂಪನಿಗೆ 1 ಕೋಟಿ ದಂಡ ಹಾಕಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಸರಿಯಾದ ಸಾಕ್ಷಿ ಇಲ್ಲ ಅಂತ ರದ್ದು ಮಾಡ್ತು. ಎರಡೂ ದೇಶದಲ್ಲಿ ಗಿರಾಕಿ ಕಡೆಯವರು ಕೊನೇ ಕೋರ್ಟಲ್ಲಿ ಸೋತಿದ್ದಾರೆ ಅನ್ನೋದು ಗಮನಿಸಬೇಕಾದ್ದು.

ನನ್ನ ಕೈಯಲ್ಲಾದ ಒಂದು ಚಿಕ್ಕ ವಿಷಯ ಹೇಳ್ತೀನಿ. ಒಂದು ಕಂಪನಿಯ ಹತ್ತು ರ್‍ಯಾಪರಿಗೆ ಒಂದು ಸ್ಟೀಲ್ ಡಬ್ಬಿ ಸ್ಕೀಮ್ ಇತ್ತು, ಹೆಸರು ಬೇಡ, ಡಬ್ಬಿ ಸ್ಟಾಕ್ ಮುಗೀತು ಅಂತ ಕೊನೇ ದಿನಾಂಕಕ್ಕೆ ಹದಿನೈದು ದಿನ ಮೊದ್ಲೇ ಡಿಪೋದವ್ರು ರ್‍ಯಾಪರ್ ತಗೊಳ್ಳೋದು ನಿಲ್ಲಿಸಿದ್ರು. ಹರಿಹರದ ಹತ್ರ ಒಂದು ಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದ ಅಜ್ಜಿ ನಲವತ್ತು ರ್‍ಯಾಪರ್ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ಲು, ಎಲ್ಲಾ ಅವಳ ಗಿರಾಕಿಗಳದ್ದು. "ಸ್ಟಾಕ್ ಇರೋವರೆಗೆ ಮಾತ್ರ ಅಂತ ಹಿಂದುಗಡೆ ಬರ್ದಿದೆ ಅಜ್ಜಿ" ಅಂದೆ. ಅವಳು ರ್‍ಯಾಪರ್ ತಿರುಗಿಸಿ ಕಣ್ಣು ಹತ್ರ ಹಿಡಿದು ನೋಡಿ, "ನಂಗೆ ಓದಕ್ಕೆ ಬರಲ್ಲ ತಮ್ಮಾ, ನೀನು ಬಾಯಲ್ಲಿ ಹೇಳಿದ್ದನ್ನ ನಾನು ಅವರಿಗೆ ಬಾಯಲ್ಲಿ ಹೇಳಿದೀನಿ" ಅಂದ್ಲು. ನಾನು ಅವಳಿಗೆ ಹೇಳಿದ್ದು ಹತ್ತಕ್ಕೆ ಒಂದು ಡಬ್ಬಿ ಅಂತ ಮಾತ್ರ, ಸ್ಟಾಕಿನ ಮಾತು ಎತ್ತಿರ್ಲೇ ಇಲ್ಲ. ದಾವಣಗೆರೆ ಪಾತ್ರೆ ಅಂಗಡಿಯಲ್ಲಿ ನಾಲ್ಕು ಡಬ್ಬಿ ತಗೊಂಡು ಮುಂದಿನ ವಾರದ ಲೈನಲ್ಲಿ ಹೋಗಿ ಕೊಟ್ಟು ಬಂದೆ. ನಾಲ್ಕೇ ಆಗಿದ್ದಕ್ಕೆ ಕೊಡೋಕಾಯ್ತು, 8 ಲಕ್ಷ ಆಗಿದ್ರೆ ಏನು ಮಾಡ್ತಿದ್ದೆ ಅಂತ ಈ ಪ್ರಕರಣ ಓದಿದಾಗೆಲ್ಲ ಅನ್ಸುತ್ತೆ.

ಫಿಲಿಪೀನ್ಸಲ್ಲಿ 500 ಪೆಸೊ ಬೇಡ ಅಂದವರಲ್ಲಿ ಕೆಲವರು ಹದಿನಾಲ್ಕು ವರ್ಷ ಆದ ಮೇಲೆ ಬಂದ ತೀರ್ಪಿನ ದಿನದವರೆಗೂ ಮುಚ್ಚಳ ಬಿಸಾಕಿರ್ಲಿಲ್ಲ, ಕೆಲವರ ಮನೆಯಲ್ಲಿ ಅದು ಈಗಲೂ ಇದೆ. ಒಳಗಡೆ ನೋಡಿದ್ರೆ ಟಿವಿಯಲ್ಲಿ ಹೇಳಿದ ನಂಬರ್ ಹಾಗೇ ಇದೆ, 10 ಲಕ್ಷ ಪೆಸೊ ಅಂತಾನೂ ಇದೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಎಲ್-2560-ಎಫ್‌ಕ್ಯೂ.